ಸಬ್ಸಿಡಿ ನನಗೋ, ಫ್ಯಾಕ್ಟರಿಯವರಿಗೋ?

ಈ ವಾರ ತುಮಕೂರಿನ ಒಂದು ಮನೆಯ ತಾರಸಿಯಲ್ಲಿ ಕೇಳಿದ ಮಾತು ತಲೆಯಿಂದ ಇಳಿಯುತ್ತಲೇ ಇಲ್ಲ. ಸೋಲಾರ್ ಕಂಪನಿಯ ಹುಡುಗ ತೋರಿಸಲೆಂದು ತಂದಿದ್ದ ಎರಡು ಪ್ಯಾನೆಲ್‌ಗಳನ್ನು ಪ್ಯಾರಾಪೆಟ್‌ಗೆ ಒರಗಿಸಿ ನಿಲ್ಲಿಸಿದ್ದ. ಮನೆಯೊಡತಿ ನಿವೃತ್ತ ಹೈಸ್ಕೂಲ್ ಟೀಚರ್. ಕನ್ನಡಕ ಸರಿಮಾಡಿಕೊಂಡು, ಬಗ್ಗಿ, ಎರಡರ ಬೆನ್ನಿನ ಸ್ಟಿಕ್ಕರನ್ನೂ ಪೂರ್ತಿ ಓದಿದರು.

"ಎರಡ್ರಲ್ಲೂ ಮೇಡ್ ಇನ್ ಇಂಡಿಯಾ ಅಂತ್ಲೇ ಇದೆಯಲ್ಲಪ್ಪಾ. ಎರಡೂ 540 ವ್ಯಾಟೇ. ಇದಕ್ಕೆ ವ್ಯಾಟ್‌ಗೆ ಹದಿನೈದು ರೂಪಾಯಿ, ಅದಕ್ಕೆ ಇಪ್ಪತ್ತೈದು ಯಾಕೆ?"

"ಅದು ಡಿಸಿಆರ್ ಮೇಡಂ. ಸಬ್ಸಿಡಿ ಬೇಕು ಅಂದ್ರೆ ಅದನ್ನೇ ಹಾಕ್ಬೇಕು."

"ಕರೆಂಟು ಜಾಸ್ತಿ ಬರುತ್ತಾ?"

"ಇಲ್ಲ ಮೇಡಂ, ಅಷ್ಟೇ ಬರೋದು."

"ಹಾಗಿದ್ರೆ ಈ ಸಬ್ಸಿಡಿ ನನಗೋ, ಫ್ಯಾಕ್ಟರಿಯವ್ರಿಗೋ?"

ಹುಡುಗನ ಹತ್ತಿರ ಉತ್ತರ ಇರಲಿಲ್ಲ. ಕೇಬಲ್ ಎಷ್ಟು ಎಂಎಂ, ಅರ್ಥಿಂಗ್ ಗುಂಡಿ ಎಲ್ಲಿ ತೆಗೆಯಬೇಕು ಎಂದರೆ ಥಟ್ಟನೆ ಹೇಳುವವನು ದರದ ಮಾತಿಗೆ ಮಾತ್ರ "ಗೌರ್ಮೆಂಟ್ ರೂಲ್ಸು ಮೇಡಂ" ಎಂದು ಸುಮ್ಮನಾದ. ಅವನ ತಪ್ಪಲ್ಲ, ಅವನಿಗೆ ಯಾರೂ ಅದನ್ನು ಹೇಳಿಕೊಟ್ಟಿಲ್ಲ. ಅಳಿಯಂದಿರು "ಚೀನಾ ಮಾಲು ಯಾಕತ್ತೆ, ನಮ್ಮ ದೇಶದ್ದೇ ಹಾಕ್ಸೋಣ" ಎಂದು ಚರ್ಚೆ ಮುಗಿಸಲು ನೋಡಿದರು. ಟೀಚರ್ ಮುಗಿಸಲು ಬಿಡಲಿಲ್ಲ. ಒಳ್ಳೆಯದೇ ಮಾಡಿದರು. ದೇಶಪ್ರೇಮದ ಮಾತಿನಿಂದ ಲೆಕ್ಕದ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ಲೆಕ್ಕ ಹೀಗಿದೆ. ಮೂರು ಕಿಲೋವ್ಯಾಟ್‌ಗೆ 540 ವ್ಯಾಟ್‌ನ ಆರು ಪ್ಯಾನೆಲ್ ಬೇಕು, ಒಟ್ಟು 3,240 ವ್ಯಾಟ್. ವ್ಯಾಟ್‌ಗೆ ಹತ್ತು ರೂಪಾಯಿ ಹೆಚ್ಚೆಂದರೆ 32,400 ರೂಪಾಯಿ. ಮನೆಯ ತಾರಸಿ ಸೋಲಾರ್‌ಗೆ ಕೇಂದ್ರ ಸರ್ಕಾರ ಸಬ್ಸಿಡಿ ಕೊಡುವ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000 ಸಿಗುತ್ತದೆ. ಅದರಾಚೆಗೆ ಎಷ್ಟು ದೊಡ್ಡದು ಹಾಕಿಸಿದರೂ ಅಷ್ಟೇ. ಅಂದರೆ ಅವರ ಖಾತೆಗೆ ಬೀಳುವ 78,000ದಲ್ಲಿ ಐದರಲ್ಲಿ ಎರಡು ಪಾಲು ಆಗಲೇ ಪ್ಯಾನೆಲ್ ಬೆಲೆಯಾಗಿ ಹೋಗಿರುತ್ತದೆ. ಮನೆಗೆ ನಿಜವಾಗಿ ಉಳಿಯುವುದು 45,600. ಟೀಚರ್ ಕೇಳಿದ್ದಕ್ಕೆ ನೇರ ಉತ್ತರ ಇದೇ: ಸಬ್ಸಿಡಿ ಇಬ್ಬರಿಗೂ ಹೋಗುತ್ತದೆ, ಆದರೆ ಕಾಗದದಲ್ಲಿ ಒಬ್ಬರ ಹೆಸರಷ್ಟೇ ಇದೆ.

ಡಿಸಿಆರ್ ಎಂದರೆ ಸೆಲ್ ಮತ್ತು ಪ್ಯಾನೆಲ್ ಎರಡೂ ದೇಶದಲ್ಲೇ ತಯಾರಾಗಿರಬೇಕು ಎಂಬ ಷರತ್ತು. ಹದಿನೈದು ರೂಪಾಯಿಯ ಪ್ಯಾನೆಲ್‌ನ ಮೇಲೆ ಮೇಡ್ ಇನ್ ಇಂಡಿಯಾ ಎಂದಿರುವುದೂ ಸುಳ್ಳಲ್ಲ. ಗಾಜು, ಸೆಲ್, ಹಿಂಬದಿಯ ಹಾಳೆ ಸೇರಿಸಿ ಕಾವು ಕೊಟ್ಟು ಅಂಟಿಸಿ, ಅಲ್ಯೂಮಿನಿಯಂ ಚೌಕಟ್ಟು ಕೂರಿಸಿ, ಜಂಕ್ಷನ್ ಬಾಕ್ಸ್ ಬೆಸೆದದ್ದು ಇಲ್ಲೇ. ಕರೆಂಟು ಹುಟ್ಟಿಸುವ ನೀಲಿ-ಕಪ್ಪು ಬಿಲ್ಲೆ, ಅಂದರೆ ಸೆಲ್, ಮಾತ್ರ ಹೊರಗಿನದು, ಹೆಚ್ಚಾಗಿ ಚೀನಾದ್ದು.

ಪ್ಯಾನೆಲ್ ಜೋಡಿಸುವುದಕ್ಕೂ ಸೆಲ್ ಮಾಡುವುದಕ್ಕೂ ಅಜಗಜಾಂತರ. ಜೋಡಣೆಯ ಯಂತ್ರಸಾಲನ್ನು ಕೆಲವು ತಿಂಗಳಲ್ಲಿ ಕೂರಿಸಬಹುದು. ಸೆಲ್ ಫ್ಯಾಕ್ಟರಿಗೆ ಧೂಳಿಲ್ಲದ ಕೋಣೆ, ಅತಿ ಶುದ್ಧ ನೀರು, ಹೈಡ್ರೋಫ್ಲೋರಿಕ್‌ನಂತಹ ಆಸಿಡ್, ಆ ಆಸಿಡ್ ನೀರನ್ನು ಶುದ್ಧೀಕರಿಸುವ ಘಟಕ, ಬೆಳ್ಳಿಯ ಪೇಸ್ಟ್, ಅನುಭವಿ ಇಂಜಿನಿಯರ್‌ಗಳು ಬೇಕು. ಸೆಲ್‌ಗೂ ಹಿಂದೆ ವೇಫರ್ ಇದೆ: 1,414 ಡಿಗ್ರಿಯಲ್ಲಿ ಕರಗುವ ಸಿಲಿಕಾನ್‌ನಿಂದ ದಿಮ್ಮಿ ಎಳೆದು, ವಜ್ರದ ಪುಡಿ ಮೆತ್ತಿದ ತಂತಿಯಿಂದ ಕೂದಲೆಳೆಯಷ್ಟು ತೆಳ್ಳಗೆ ಕೊಯ್ಯುವ ಕೆಲಸ. ಅದಕ್ಕೂ ಹಿಂದೆ ಪಾಲಿಸಿಲಿಕಾನ್, ಅಂದರೆ ಅತಿ ಶುದ್ಧ ಸಿಲಿಕಾನ್ ತಯಾರಿ, ಇಡೀ ಸರಣಿಯಲ್ಲಿ ಅತಿ ಹೆಚ್ಚು ಕರೆಂಟು ನುಂಗುವ ಹಂತ. ಈ ಎಲ್ಲ ಹಂತಗಳಲ್ಲೂ ಚೀನಾದ ಪಾಲು ಶೇ 80ಕ್ಕಿಂತ ಹೆಚ್ಚು, ಪಾಲಿಸಿಲಿಕಾನ್ ಮತ್ತು ವೇಫರ್‌ನಲ್ಲಿ ಅದು ಶೇ 95ರ ಕಡೆಗೆ ಹೊರಟಿದೆ ಎಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2022ರಲ್ಲೇ ಹೇಳಿತ್ತು. ಚೀನಾದ ಶಿನ್‌ಜಿಯಾಂಗ್ ಪ್ರಾಂತ್ಯದಲ್ಲಿ ಪಾಲಿಸಿಲಿಕಾನ್ ಅಗ್ಗವಾಗಲು ಅಲ್ಲಿನ ಅಗ್ಗದ ಕಲ್ಲಿದ್ದಲ ವಿದ್ಯುತ್ ಒಂದು ಮುಖ್ಯ ಕಾರಣ. ನಮ್ಮಲ್ಲಿ ಆ ಹಂತ ಶುರುವಾದರೂ ಒಲೆ ಉರಿಯುವುದು ಬಹುಪಾಲು ಕಲ್ಲಿದ್ದಲಿನಿಂದಲೇ. ಆಸಿಡ್ ನೀರು ಯಾವ ಊರಿನ ಕೆರೆಯ ಪಕ್ಕ ನಿಲ್ಲುತ್ತದೆ ಎಂಬುದನ್ನು ಫ್ಯಾಕ್ಟರಿಗೆ ಜಾಗ ಕೊಡುವ ಮೊದಲೇ ಕೇಳಬೇಕು.

ಇಷ್ಟು ದೊಡ್ಡ ಹಿಡಿತ ಒಂದೇ ದೇಶದ ಕೈಯಲ್ಲಿದ್ದರೆ ಏನಾಗುತ್ತದೆ? 2024ರ ಡಿಸೆಂಬರ್ 1ರಂದು ಚೀನಾ ತನ್ನ ಸೋಲಾರ್ ರಫ್ತುದಾರರಿಗೆ ಕೊಡುತ್ತಿದ್ದ ತೆರಿಗೆ ವಾಪಸಿಯನ್ನು ಶೇ 13ರಿಂದ 9ಕ್ಕೆ ಇಳಿಸಿತು. ಬೀಜಿಂಗ್‌ನಲ್ಲಿ ಆದ ಆ ತೀರ್ಮಾನದ ಬಿಸಿ ಇಲ್ಲಿನ ತಾರಸಿಯ ಕೊಟೇಶನ್‌ಗೂ ತಟ್ಟುತ್ತದೆ. ಹಾಗಾಗಿ ಸೆಲ್ ಇಲ್ಲೇ ಆಗಬೇಕು, ಅದಕ್ಕೆ ಸರ್ಕಾರ ದುಡ್ಡು ಹಾಕಬೇಕು. ಇದರಲ್ಲಿ ನನಗೆ ಅನುಮಾನವಿಲ್ಲ. ತಕರಾರಿರುವುದು ಹಾಕುವ ರೀತಿಯ ಬಗ್ಗೆ.

ಮನೆಯ ಸಬ್ಸಿಡಿಯ ಮೂಲಕ ಫ್ಯಾಕ್ಟರಿಗೆ ಹಣ ಹೋಗುವ ಈ ಬಳಸುದಾರಿಗೊಂದು ಹಿನ್ನೆಲೆಯಿದೆ. 2010ರಲ್ಲಿ ಆರಂಭವಾದ ರಾಷ್ಟ್ರೀಯ ಸೌರ ಮಿಷನ್‌ನಲ್ಲಿ ದೇಶೀ ಸೆಲ್, ಪ್ಯಾನೆಲ್ ಬಳಸಬೇಕೆಂಬ ಷರತ್ತು ನೇರವಾಗಿಯೇ ಇತ್ತು. ಅಮೆರಿಕ 2013ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟಿತು. ಸರ್ಕಾರ ತನಗಾಗಿ ಕೊಳ್ಳುವ ವಸ್ತುವಿನಲ್ಲಿ ದೇಶೀ ಮಾಲಿಗೆ ಆದ್ಯತೆ ಕೊಡಬಹುದೆಂಬ ವಿನಾಯಿತಿ ಆ ಸಂಸ್ಥೆಯ ಕಾನೂನಿನಲ್ಲಿದೆ, ಭಾರತ ಅದನ್ನೇ ಹಿಡಿದು ವಾದಿಸಿತು. ಸರ್ಕಾರ ಕೊಳ್ಳುತ್ತಿರುವುದು ಕರೆಂಟನ್ನು, ಷರತ್ತು ಹಾಕಿರುವುದು ಪ್ಯಾನೆಲ್‌ಗೆ, ಆದ್ದರಿಂದ ವಿನಾಯಿತಿ ಸಲ್ಲದು ಎಂದು ತೀರ್ಪಾಯಿತು. 2016ರ ಸೆಪ್ಟೆಂಬರ್‌ನಲ್ಲಿ ಮೇಲ್ಮನವಿಯಲ್ಲೂ ಸೋತೆವು. ಅದೇ ಅಮೆರಿಕ 2022ರ ತನ್ನ ಕಾಯಿದೆಯಲ್ಲಿ ದೇಶೀ ಭಾಗ ಬಳಸಿದ ಸೋಲಾರ್ ಯೋಜನೆಗಳಿಗೆ ಹೆಚ್ಚುವರಿ ತೆರಿಗೆ ರಿಯಾಯಿತಿ ಕೊಟ್ಟಿತು. ಆ ಹೊತ್ತಿಗೆ ಮೇಲ್ಮನವಿ ಕೇಳುವ ಪೀಠವೇ ಇರಲಿಲ್ಲ. ಹೊಸ ಸದಸ್ಯರ ನೇಮಕವನ್ನು ಅಮೆರಿಕವೇ ತಡೆದಿದ್ದರಿಂದ 2019ರ ಡಿಸೆಂಬರ್‌ನಿಂದ ಅದು ಕೆಲಸ ನಿಲ್ಲಿಸಿತ್ತು. ಬಲಶಾಲಿಗೆ ಒಂದು ನ್ಯಾಯ, ಉಳಿದವರಿಗೆ ಇನ್ನೊಂದು ಎಂಬುದನ್ನು ಈ ಪ್ರಕರಣದಷ್ಟು ಬಿಡಿಸಿ ತೋರಿಸುವುದು ಬೇರೆ ಇಲ್ಲ. 2025ರ ಆಗಸ್ಟ್‌ನಲ್ಲಿ ಅಮೆರಿಕ ಭಾರತದ ಸರಕಿನ ಮೇಲೆ ಶೇ 50 ಸುಂಕ ಹೇರಿದಾಗ, ಆ ಮಾರುಕಟ್ಟೆಯನ್ನೇ ನೆಚ್ಚಿ ಪ್ಯಾನೆಲ್ ಮಾಡುತ್ತಿದ್ದ ನಮ್ಮ ಕಂಪನಿಗಳು ದೇಶದೊಳಗಿನ ತಾರಸಿಗಳತ್ತ ತಿರುಗಿ ನೋಡಬೇಕಾಯಿತು.

ನಮ್ಮ ಸರ್ಕಾರದ ನಡೆಯೂ ನೆಟ್ಟಗಿಲ್ಲ. 2018ರ ಜುಲೈನಲ್ಲಿ ಹೊರಗಿನ ಸೆಲ್, ಪ್ಯಾನೆಲ್ ಮೇಲೆ ದೇಶೀ ಉದ್ಯಮದ ರಕ್ಷಣೆಗೆಂದು ಶೇ 25ರ ಸುಂಕ ಬಂತು. ಹಂತಹಂತವಾಗಿ ಇಳಿದು 2021ರ ಜುಲೈಗೆ ಮುಗಿಯಿತು. ಮುಂದಿನ ಎಂಟು ತಿಂಗಳು ಸುಂಕವೇ ಇಲ್ಲ, ಹಡಗುಗಟ್ಟಲೆ ಪ್ಯಾನೆಲ್ ಬಂದು ಗೋದಾಮು ತುಂಬಿದವು. 2022ರ ಏಪ್ರಿಲ್‌ನಲ್ಲಿ ಪ್ಯಾನೆಲ್‌ಗೆ ಶೇ 40, ಸೆಲ್‌ಗೆ ಶೇ 25ರ ಆಮದು ಸುಂಕ ಬಂತು. ಅನುಮೋದಿತ ಪ್ಯಾನೆಲ್‌ಗಳ ಪಟ್ಟಿ ಎಎಲ್‌ಎಂಎಂ 2021ರಲ್ಲಿ ಬಂತು, 2023-24ರಲ್ಲಿ ಅಮಾನತಾಯಿತು, 2024ರ ಏಪ್ರಿಲ್ 1ರಿಂದ ಮತ್ತೆ ಜಾರಿಯಾಯಿತು. ಸೆಲ್‌ಗಳ ಪಟ್ಟಿಗೆ 2026ರ ಜೂನ್ 1 ಎಂದು ದಿನ ಗೊತ್ತುಮಾಡಿದರು. ಎರಡು ವರ್ಷ ಹಿಡಿಯುವ ಸೆಲ್ ಫ್ಯಾಕ್ಟರಿಗೆ ಬಂಡವಾಳ ಹಾಕುವವನು ಇಂತಹ ಏರುಪೇರಿನಲ್ಲಿ ಯಾವ ಧೈರ್ಯದಿಂದ ಹಾಕಬೇಕು? ಪರಿಣಾಮ ಎದುರಿಗೇ ಇದೆ. ಪಟ್ಟಿಯಲ್ಲಿರುವ ಪ್ಯಾನೆಲ್ ತಯಾರಿಕೆಯ ಸಾಮರ್ಥ್ಯ 2025ರ ಆಗಸ್ಟ್‌ಗೆ 100 ಗಿಗಾವ್ಯಾಟ್ ದಾಟಿತು, ಸೆಲ್ ಅದರ ಹತ್ತಿರಕ್ಕೂ ಬರಲಿಲ್ಲ. ದೇಶೀ ಸೆಲ್‌ಗೆ ಕೊರತೆ ಇರುವುದರಿಂದಲೇ ವ್ಯಾಟ್‌ಗೆ ಆ ಹತ್ತು ರೂಪಾಯಿ. ಸೆಲ್ ತಯಾರಕರು ಕೊರತೆಯ ಬೆಲೆ ಪಡೆಯುತ್ತಿದ್ದಾರೆ, ಅದನ್ನು ಟೀಚರ್ ಹೆಸರಿನ ಸಬ್ಸಿಡಿಯಿಂದ ತುಂಬಿಕೊಡಲಾಗುತ್ತಿದೆ.

ಉದ್ಯಮಕ್ಕೆಂದೇ ಉತ್ಪಾದನೆ ಆಧಾರಿತ ಪ್ರೋತ್ಸಾಹಧನದ ಯೋಜನೆಯಲ್ಲಿ ಎರಡು ಕಂತಾಗಿ 4,500 ಕೋಟಿ ಮತ್ತು 19,500 ಕೋಟಿ ಇಟ್ಟಿದ್ದಾರೆ. ಅದು ಬಹಿರಂಗ ಲೆಕ್ಕ, ಸಂಸತ್ತಿನಲ್ಲಿ ಪ್ರಶ್ನಿಸಬಹುದು. ಮನೆಯ ಸಬ್ಸಿಡಿಯೊಳಗೆ ಅಡಗಿರುವ ಪಾಲನ್ನು ಯಾರು ಪ್ರಶ್ನಿಸುತ್ತಾರೆ? ಕೊಟೇಶನ್‌ನಲ್ಲೇ ಎರಡು ಸಾಲು ಕಡ್ಡಾಯ ಮಾಡಲಿ: ಇಷ್ಟು ಮನೆಗೆ, ಇಷ್ಟು ದೇಶೀ ಸೆಲ್‌ಗೆ. ಎರಡನೆಯ ಸಾಲು ವರ್ಷವರ್ಷವೂ ಎಷ್ಟು ಇಳಿಯುತ್ತದೆ, ಯಾವಾಗ ಸೊನ್ನೆಯಾಗುತ್ತದೆ ಎಂಬುದನ್ನೂ ಮೊದಲೇ ಹೇಳಲಿ.

ಹಾಕಿಸುವವರು ತಿಳಿದಿರಬೇಕಾದ ಕೆಲವು ಸಂಗತಿಗಳಿವೆ. ಸಬ್ಸಿಡಿ ತಡೆಯುವುದು ಬಹುಪಾಲು ಕಾಗದದ ತೊಡಕಿನಿಂದಲೇ. ವಿದ್ಯುತ್ ಬಿಲ್ ತೀರಿಹೋದ ತಾತನ ಹೆಸರಿನಲ್ಲಿದ್ದು ಅರ್ಜಿ ಮೊಮ್ಮಗನ ಹೆಸರಿನಲ್ಲಿದ್ದರೆ ನಿಲ್ಲುತ್ತದೆ. ಮೊದಲು ಎಸ್ಕಾಂನಲ್ಲಿ ಆರ್‌ಆರ್ ನಂಬರಿನ ಹೆಸರು ಬದಲಿಸಿಕೊಳ್ಳಿ. ಬ್ಯಾಂಕ್ ಖಾತೆಯ ಹೆಸರೂ ತಾಳೆಯಾಗಬೇಕು. ರಾಷ್ಟ್ರೀಯ ಪೋರ್ಟಲ್‌ನಲ್ಲಿ ನೋಂದಣಿ, ನೋಂದಾಯಿತ ಕಂಪನಿಯ ಆಯ್ಕೆ, ಅಳವಡಿಕೆ, ಬಳಸಿದ್ದು ಮತ್ತು ಲೈನ್‌ಗೆ ಬಿಟ್ಟದ್ದು ಎರಡನ್ನೂ ಅಳೆಯುವ ನೆಟ್ ಮೀಟರ್, ಎಸ್ಕಾಂ ತಪಾಸಣೆ, ಕಮಿಷನಿಂಗ್ ವರದಿ, ಆಮೇಲೆ ಹಣ. ಈ ಅನುಕ್ರಮ ತಪ್ಪಿಸಿ "ಮೊದಲು ಹಾಕೋಣ, ಪೋರ್ಟಲ್ ಆಮೇಲೆ" ಎನ್ನುವವರನ್ನು ನಂಬಬೇಡಿ. ಡಿಸಿಆರ್ ಎಂದು ದುಡ್ಡು ತೆಗೆದುಕೊಂಡು ಬೇರೆಯದನ್ನು ಕೂರಿಸಿದರೆ ತಾರಸಿಯಲ್ಲಿ ನೋಡಿ ಪತ್ತೆಹಚ್ಚಲಾಗದು. ಪ್ಯಾನೆಲ್ ಮೇಲೇರುವ ಮುಂಚೆಯೇ ಪ್ರತಿಯೊಂದರ ಸೀರಿಯಲ್ ನಂಬರನ್ನು ತಯಾರಕರ ಡಿಸಿಆರ್ ಪತ್ರದೊಂದಿಗೆ ತಾಳೆ ನೋಡಿ, ಫೋಟೋ ಇಟ್ಟುಕೊಳ್ಳಿ.

ನೀರಿನ ಟ್ಯಾಂಕಿನ ನೆರಳು ಒಂದೇ ಪ್ಯಾನೆಲ್‌ನ ಮೇಲೆ ಬಿದ್ದರೂ ಸರಣಿಯಲ್ಲಿ ಜೋಡಿಸಿದ ಇಡೀ ಸಾಲಿನ ಉತ್ಪಾದನೆ ಕುಸಿಯಬಹುದು. ಪ್ಯಾನೆಲ್ ಕಡೆಯ ಡಿಸಿ, ಮನೆ ಕಡೆಯ ಎಸಿ, ಸಿಡಿಲು ನಿರೋಧಕ, ಮೂರಕ್ಕೂ ಪ್ರತ್ಯೇಕ ಅರ್ಥಿಂಗ್ ಇರಬೇಕು. ಕೇಬಲ್ ಕೊಂಡಿಗಳು ಬೇರೆಬೇರೆ ಕಂಪನಿಯವಾದರೆ ಸಡಿಲಾಗಿ, ಕಾದು, ಕರಗುತ್ತವೆ. ಬೆಂಕಿ ಹತ್ತುವುದು ಹೆಚ್ಚಾಗಿ ಅಲ್ಲೇ. ಬೋರ್‌ವೆಲ್‌ನ ಗಡಸು ನೀರಿನಿಂದ ಮಧ್ಯಾಹ್ನದ ಬಿಸಿಲಲ್ಲಿ ತೊಳೆದರೆ ಗಾಜಿನ ಮೇಲೆ ಬಿಳಿ ಪೊರೆ ಕೂರುತ್ತದೆ, ಬೆಳಗಿನ ಜಾವ ತೊಳೆದು ಒರೆಸಬೇಕು. ಇನ್ನು, ಬ್ಯಾಟರಿ ಇಲ್ಲದ ಇನ್ವರ್ಟರ್ ಲೈನ್‌ನಲ್ಲಿ ಕರೆಂಟು ಹೋದ ಕೂಡಲೇ ತಾನೂ ನಿಲ್ಲುತ್ತದೆ. ಕಂಬದ ಮೇಲೆ ದುರಸ್ತಿ ಮಾಡುವ ಲೈನ್‌ಮನ್‌ನ ಜೀವ ಉಳಿಸಲೆಂದೇ ಹಾಗೆ ಮಾಡಿರುವುದು. ಇದನ್ನು ಮಾರುವಾಗಲೇ ಹೇಳದ ಕಾರಣ ಎಷ್ಟೋ ಮನೆಗಳಲ್ಲಿ ಜಗಳವಾಗುತ್ತದೆ.

ಇದೇ ಜಿಲ್ಲೆಯ ಪಾವಗಡದಲ್ಲಿ, ತಿರುಮಣಿ ಸುತ್ತಿನ ಐದು ಹಳ್ಳಿಗಳ 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ. ಭೂಮಿಯನ್ನು ಕಿತ್ತುಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದರು, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಸರ್ಕಾರ ಮಾಡಿದ ಒಳ್ಳೆಯ ಕೆಲಸಗಳಲ್ಲಿ ಇದೊಂದು, ಭೂಮಿಯೇ ಇಲ್ಲದ ಕೂಲಿಕಾರರ ಪಾಲಿಗೆ ಮಾತ್ರ ಗುತ್ತಿಗೆ ಹಣ ಇಲ್ಲ. ಅಲ್ಲಿನ ಕರೆಂಟೂ ಸಂಜೆ ಆರಕ್ಕೆ ಮುಗಿಯುತ್ತದೆ. ಹಗಲಿನದನ್ನು ರಾತ್ರಿಗೆ ಉಳಿಸಲು ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವ್ಯಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ (ಹಗಲು ನೀರನ್ನು ಮೇಲಕ್ಕೆತ್ತಿ, ರಾತ್ರಿ ಕೆಳಗೆ ಬಿಟ್ಟು ಕರೆಂಟು ತೆಗೆಯುವುದು) ಮುಂದಿಟ್ಟಿದ್ದಾರೆ, ಸಿಂಗಳೀಕಗಳ ಅಭಯಾರಣ್ಯದೊಳಗೆ. ಬಯಲುಸೀಮೆಯ ಬಿಸಿಲು ಕೂಡಿಡಲು ಮಲೆನಾಡಿನ ಕಾಡು ಕಡಿಯುವುದು ನನಗೆ ಒಪ್ಪಿಗೆಯಿಲ್ಲ. ಉಪಕೇಂದ್ರಗಳಲ್ಲಿ ಬ್ಯಾಟರಿ ಇಡಬಹುದು; ಅದರ ಸೆಲ್ಲೂ ಬಹುಪಾಲು ಚೀನಾದ್ದೇ, ಆದರೆ ಫ್ಯಾಕ್ಟರಿಯನ್ನು ನಾಳೆ ಕಟ್ಟಬಹುದು, ಆ ಕಾಡನ್ನು ಕಟ್ಟಲಾಗದು.

ನಮ್ಮ ರಾಜ್ಯದಲ್ಲಿ ಇನ್ನೊಂದು ತೊಡಕಿದೆ. ಗೃಹಜ್ಯೋತಿಯಲ್ಲಿ ಹಿಂದಿನ ಸರಾಸರಿಯ ಮೇಲೆ ಸ್ವಲ್ಪ ಸೇರಿಸಿ, ಗರಿಷ್ಠ 200 ಯೂನಿಟ್‌ವರೆಗೆ ಬಿಲ್ ಸೊನ್ನೆ. ಸೊನ್ನೆ ಬಿಲ್ ಬರುವ ಮನೆಯವರು ಪ್ಯಾನೆಲ್ ಯಾಕೆ ಹಾಕಿಸುತ್ತಾರೆ? ಕೇಂದ್ರ ಒಂದು ಕಡೆ ಎಳೆದರೆ ರಾಜ್ಯ ಇನ್ನೊಂದು ಕಡೆ ಎಳೆಯುತ್ತಿದೆ. ಎರಡನ್ನೂ ಸೇರಿಸಲು ದಾರಿಯಿದೆ. ನಮ್ಮ ಬಿಸಿಲಿಗೆ ಒಂದು ಕಿಲೋವ್ಯಾಟ್ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ. ಎರಡು ಕಿಲೋವ್ಯಾಟ್‌ಗೆ ತಿಂಗಳಿಗೆ ಸುಮಾರು 240, ಗೃಹಜ್ಯೋತಿಯ ಮಿತಿಗಿಂತಲೂ ಹೆಚ್ಚು. ವಿದ್ಯುತ್ ಕಂಪನಿಯೇ ಮನೆಗಳ ಪರವಾಗಿ ಪ್ಯಾನೆಲ್ ಹಾಕಿಸುವ ಅವಕಾಶ ಪಿಎಂ ಸೂರ್ಯಘರ್‌ನ ನಿಯಮದಲ್ಲೇ ಇದೆ. ರಾಜ್ಯ ವರ್ಷವರ್ಷವೂ ತುಂಬಿಕೊಡುವ ಬಿಲ್ ಹಣದಲ್ಲಿ ಒಂದು ಪಾಲನ್ನು ತೆಗೆದು, ಆರ್‌ಸಿಸಿ ಮನೆಗಳ ಮೇಲೆ ಎಸ್ಕಾಂಗಳೇ ಎರಡೆರಡು ಕಿಲೋವ್ಯಾಟ್ ಹಾಕಲಿ. ಹೆಂಚು, ಶೀಟಿನ ಎಷ್ಟೋ ಮನೆಗಳಿಗೆ ಭಾರ ತಡೆಯದು. ಅವರ ಪಾಲಿನದು ಊರಿನ ಶಾಲೆ, ಪಂಚಾಯಿತಿ ಕಟ್ಟಡದ ಮೇಲೆ ಬರಲಿ, ಯೂನಿಟ್ ಅವರ ಆರ್‌ಆರ್ ನಂಬರಿಗೆ ಜಮೆಯಾಗಲಿ.