ಅಲ್ಯೂಮಿನಿಯಮ್ ಮತ್ತು ಈಟಾ

ಇವತ್ತು ಚೆಂಬೂರಿನ ಉಡುಪಿ ಹೋಟೆಲಿನಲ್ಲಿ ಪಾರ್ಸೆಲ್‌ಗಾಗಿ ನಿಂತಿದ್ದೆ. ಟ್ರಾಂಬೆಯಲ್ಲಿ ನಿವೃತ್ತರಾದ ಪಕ್ಕದ ಮನೆಯ ರಾಯರೂ ಅಲ್ಲೇ ಇದ್ದರು.

ಹುಡುಗ ದೋಸೆಗೆ ಸುತ್ತುತ್ತಿದ್ದ ಅಲ್ಯೂಮಿನಿಯಮ್ ಹಾಳೆಯನ್ನು ತೋರಿಸಿ, "ಈ ಲೋಹಕ್ಕೆ ಪ್ರೋಟಾನ್ ಹೊಡೆದು ಈಟಾ ಅನ್ನೋ ಅಲ್ಪಾಯುಷಿ ಕಣ ಹುಡುಕಿದ್ದರು, ಗೊತ್ತೇನಮ್ಮಾ?" ಎಂದರು.

ಗೊತ್ತಿರಲಿಲ್ಲ. ದೋಸೆ ಆರಿದರೂ ಸರಿ ಎಂದು ಕೇಳಿಸಿಕೊಂಡೆ.

ಜರ್ಮನಿಯ ಯೂಲಿಶ್‌ನಲ್ಲಿದ್ದ ಕಾಸಿ ಎಂಬ ಕಣ ವೇಗವರ್ಧಕ ಯಂತ್ರದಲ್ಲಿ ನಡೆದ ಪ್ರಯೋಗವದು. ಅಲ್ಯೂಮಿನಿಯಮ್‌ಗೆ ಪ್ರೋಟಾನ್ ಬಡಿದಾಗ ಹಗುರವಾದ ಹೀಲಿಯಂ-3 ಮುಂದಕ್ಕೆ ಚಿಮ್ಮಿ ವೇಗವನ್ನೆಲ್ಲ ಹೊತ್ತೊಯ್ಯುತ್ತದೆ. ಹುಟ್ಟಿದ ಈಟಾ ಮೆಸಾನ್ ಹೆಚ್ಚುಕಡಿಮೆ ನಿಂತಲ್ಲೇ ನಿಂತು, ಉಳಿದ ಮೆಗ್ನೀಸಿಯಮ್-25 ಪರಮಾಣು ಬೀಜದೊಳಗೆ ಸಿಕ್ಕಿಕೊಳ್ಳಬಹುದು. ಈಟಾಕ್ಕೆ ವಿದ್ಯುದಾವೇಶವಿಲ್ಲ. ಹಿಡಿದಿಡುವುದೇನಿದ್ದರೂ ಬೀಜದೊಳಗಿನ ಪ್ರಬಲ ಬಲವೇ. ಕ್ಷಣ ಎನ್ನಲೂ ಆಗದಷ್ಟರಲ್ಲಿ ಅದು ಕಣ್ಮರೆ. ಆಗ ಹೊರಬರುವ ಪ್ರೋಟಾನ್ ಒಂದು ಕಡೆಗೆ, ಪಯಾನ್ ಎಂಬ ಇನ್ನೊಂದು ಕಣ ಅದರ ವಿರುದ್ಧ ದಿಕ್ಕಿಗೆ ಓಟ.

ಈ ಜೋಡಿಯನ್ನು ಹಿಡಿಯಲು ಅಲ್ಯೂಮಿನಿಯಮ್ ಗುರಿಯ ಸುತ್ತ ಇಟ್ಟ ಎನ್‌ಸ್ಟಾರ್ ಎಂಬ ಪ್ಲಾಸ್ಟಿಕ್ ಸಿಂಟಿಲೇಟರ್ (ಕಣ ಹಾದಾಗ ಮಿನುಗುವ ವಸ್ತು) ಉಪಕರಣ ತಯಾರಾದದ್ದು ನಮ್ಮ ಟ್ರಾಂಬೆಯ ಬಿಎಆರ್‌ಸಿಯಲ್ಲಿ, ಅಂದರೆ ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲಿ! ರಾಯರು ಎರಡೂ ಕೈಗಳನ್ನು ಬಳಸಿ ಗಾಳಿಯಲ್ಲಿ ಅದರ ಕೊಳವೆಯ ಆಕಾರ ಬಿಡಿಸಿದರು. ಹಿಂದೆ ನಿಂತಿದ್ದವರ ಚಹಾ ಚೆಲ್ಲದಿದ್ದದ್ದು ಪುಣ್ಯ.

2009ರಲ್ಲಿ ಫಲಿತಾಂಶ ಬಂತು. ಈಟಾ ಬೀಜದೊಳಗೆ ಸಿಕ್ಕಿಕೊಂಡಿತ್ತೆಂಬ ಸುಳಿವು. ಬಂಧನಶಕ್ತಿ, ಅಂದರೆ ಅದನ್ನು ಬಿಡಿಸಲು ಬೇಕಾದ ಶಕ್ತಿ, ಸುಮಾರು 13 ಎಂಇವಿ (ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್). ಆಮೇಲೆ ಅದೇ ಕಾಸಿಯಲ್ಲಿ ಇನ್ನೊಂದು ತಂಡ ಹೀಲಿಯಂ-4ರ ಬೀಜದಲ್ಲಿ ಸಿಕ್ಕಿಕೊಂಡ ಈಟಾವನ್ನು ಹುಡುಕಿತು. ಅಲ್ಲಿ ಸಿಗಲಿಲ್ಲ. ಇದ್ದರೆ ಇಷ್ಟಕ್ಕಿಂತ ಹೆಚ್ಚಿರಲಾರದು ಎಂಬ ಮಿತಿಯನ್ನು ಮಾತ್ರ ಬರೆದು ಪ್ರಕಟಿಸಿದರು.

ನನಗೆ ಹೆಚ್ಚು ಹಿಡಿಸಿದ್ದು ಅದೇ. ಸಿಗಲಿಲ್ಲ ಎಂಬುದನ್ನೂ ಲೆಕ್ಕ ಹಾಕಿ, ಸಹಿ ಮಾಡಿ ಹೇಳುವ ಜನ! ನಮ್ಮ ಕಚೇರಿಯಲ್ಲಿ ಅಂಥವರು ಒಬ್ಬರಿದ್ದರೂ ಸಾಕಿತ್ತು.