ತಿರುವುಮುರುವಾಗಿ ವೆನಿಸ್

ಪ್ರವಾಸಿ ಕೈಪಿಡಿಗಳ ಮೇಲೆ ನನಗಿರುವ ತಕರಾರು ಒಂದೇ: ಅವು ಎಲ್ಲರನ್ನೂ ಒಂದೇ ಹೊತ್ತಿಗೆ ಒಂದೇ ಕಡೆ ತಂದು ನಿಲ್ಲಿಸುತ್ತವೆ. ನನ್ನ ಬಳಿಯಿದ್ದ ಪುಸ್ತಕದಲ್ಲಿ ವೆನಿಸ್‌ನ ಒಂದು ದಿನದ ನಡಿಗೆ ಬೆಳಗ್ಗೆ ಸ್ಯಾನ್ ಮಾರ್ಕೊ ಚೌಕದಲ್ಲಿ ಶುರುವಾಗಿ, ರಿಯಾಲ್ಟೊ ಸೇತುವೆ, ಫ್ರಾರಿ ಚರ್ಚು, ಸ್ಯಾನ್ ರೊಕ್ಕೊ, ಸಾಂತಾ ಮಾರ್ಗರಿತಾ ಬಯಲುಗಳನ್ನು ದಾಟಿ ಸಂಜೆಗೆ ಅಕಾಡೆಮಿಯಾ ಸೇತುವೆಯ ಬಳಿ ಮುಗಿಯುತ್ತಿತ್ತು. ಬಾವುಟ ಹಿಡಿದ ಗೈಡಿನ ಹಿಂದೆ ಗುಂಪಿನಲ್ಲಿ ನಡೆಯಲು ಮನಸ್ಸಿಲ್ಲದೆ ಒಂಟಿಯಾಗಿ ಬಂದ ಮೇಲೆ, ಪುಸ್ತಕದ ಬಾವುಟದ ಹಿಂದೆ ನಡೆಯುವುದರಲ್ಲಿ ಏನು ಸುಖ? ಹಿಂದಿನ ರಾತ್ರಿ ಆ ಅಧ್ಯಾಯವನ್ನು ಕೆಳಗಿನಿಂದ ಮೇಲಕ್ಕೆ ಓದಿಕೊಂಡೆ. ಬೆಳಗ್ಗೆ ಅಕಾಡೆಮಿಯಾದಿಂದ ಹೊರಟೆ.

ಹೀಗೆ ಓದುವುದಕ್ಕೆ ತುಸು ಅಭ್ಯಾಸ ಬೇಕು. ‘ಸೇತುವೆ ಇಳಿದೊಡನೆ ಎಡಕ್ಕೆ, ಬಾವಿಕಟ್ಟೆಯ ಬಳಿ ಬಲಕ್ಕೆ’ ಎಂದಿದ್ದರೆ, ನಾನು ಬಾವಿಕಟ್ಟೆಯ ಬಳಿ ಎಡಕ್ಕೆ ಹೊರಳಿ, ಬಲಕ್ಕೆ ಸೇತುವೆ ಹುಡುಕಬೇಕು. ಮೊಬೈಲ್ ಇತ್ತು. ಆದರೆ ಕೈ ಚಾಚಿದರೆ ಎರಡೂ ಗೋಡೆ ಮುಟ್ಟುವ ಓಣಿಗಳಲ್ಲಿ ಪರದೆಯ ಮೇಲಿನ ನೀಲಿ ಚುಕ್ಕೆ ಕಾಲುವೆ ಹಾರಿ ಆಚೆ ದಡದಲ್ಲಿ ಕೂತುಬಿಡುತ್ತಿತ್ತು. ಮನೆ ನಂಬರುಗಳನ್ನು ನಂಬುವಂತೆಯೂ ಇಲ್ಲ. ವೆನಿಸ್‌ನಲ್ಲಿ ನಂಬರು ಬೀದಿಗೊಂದು ಸಾಲಾಗಿ ಹೋಗುವುದಿಲ್ಲ. ನಗರದ ಆರು ವಿಭಾಗಗಳಲ್ಲಿ ಒಂದೊಂದಕ್ಕೂ ಒಂದೇ ಉದ್ದನೆಯ ಸರಣಿ, ಅದು ಸಾವಿರಗಳಲ್ಲಿ ಓಡುತ್ತದೆ. ಕೊನೆಗೆ ಕೈಹಿಡಿದದ್ದು ಗೋಡೆಯ ಬಿಳಿ ಚೌಕದಲ್ಲಿ ಕಪ್ಪು ಅಕ್ಷರದಲ್ಲಿ ಬರೆದ ಓಣಿಯ ಹೆಸರು ಮತ್ತು ಪುಸ್ತಕದ ಚೌಕುಳಿ ನಕ್ಷೆ, ಇವೆರಡೇ. ರಿಯಾಲ್ಟೊಗೆ ದಾರಿ ತೋರಿಸುವ ಹಳದಿ ಫಲಕಗಳೂ ಇವೆ. ಒಂದು ಮೂಲೆಯಲ್ಲಿ ಅದರ ಬಾಣ ಎಡಕ್ಕೂ ಇತ್ತು, ಬಲಕ್ಕೂ ಇತ್ತು.

ಸ್ಯಾನ್ ಬರ್ನಬಾ ಬಯಲಿನ ಪಕ್ಕದಲ್ಲಿ ತರಕಾರಿ ತುಂಬಿದ ದೋಣಿಯೊಂದು ಕಟ್ಟಿ ನಿಂತಿರುತ್ತದೆ. ಅದರ ಬಳಿಯೇ ಪೊಂಟೆ ದೇ ಪುಞಿ, ಗುದ್ದಾಟದ ಸೇತುವೆ. ನೆತ್ತಿಯ ನಾಲ್ಕು ಮೂಲೆಗಳಲ್ಲಿ ಬಿಳಿ ಕಲ್ಲಿನ ಪಾದದ ಗುರುತುಗಳಿವೆ. ನಗರದ ಎರಡು ಬಣಗಳವರು ಅಲ್ಲಿ ಕಾಲಿಟ್ಟು ಮುಷ್ಟಿಯುದ್ಧ ಆರಂಭಿಸುತ್ತಿದ್ದರಂತೆ. ಆಗ ಸೇತುವೆಗೆ ಕಟಕಟೆ ಇರಲಿಲ್ಲವಾದ್ದರಿಂದ ಸೋತವರು ನೇರ ನೀರಿಗೆ. 1705ರಲ್ಲಿ ಇದನ್ನು ನಿಷೇಧಿಸಿದರು. ನಾನೂ ಒಂದು ಗುರುತಿನ ಮೇಲೆ ಪಾದವಿಟ್ಟು ನೋಡಿದೆ. ಎದುರಾಳಿ ಇರಲಿಲ್ಲ, ಶಾಲೆಗೆ ಹೊರಟ ಹುಡುಗನೊಬ್ಬ ಪಕ್ಕಕ್ಕೆ ಸರಿಯುವಂತೆ ಸನ್ನೆ ಮಾಡಿ ಓಡಿದ.

ಸಾಂತಾ ಮಾರ್ಗರಿತಾ ಬಯಲಿನ ನಡುವಿನ ಒಂಟಿ ಕಟ್ಟಡದ ಗೋಡೆಗೆ ಒಂದು ಹಳೆಯ ಕಲ್ಲುಫಲಕ ಹಾಕಿದ್ದಾರೆ. ಯಾವ ಮೀನು ಎಷ್ಟು ಉದ್ದವಿದ್ದರೆ ಮಾರಬಹುದು ಎಂಬ ಪಟ್ಟಿ ಅದು: ಹಾವುಮೀನು 25 ಸೆಂಟಿಮೀಟರ್, ಸಿಂಪಿ 5, ಹೀಗೆ. ನನ್ನ ಪುಸ್ತಕ ಈ ಬಯಲಿನ ಕೆಫೆಗಳ ಬಗ್ಗೆ ಅರ್ಧ ಪುಟ ಬರೆದು ಫಲಕದ ಬಗ್ಗೆ ತುಟಿ ಬಿಚ್ಚಿಲ್ಲ. ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡೆ.

ಸ್ಯಾನ್ ರೊಕ್ಕೊದಲ್ಲಿ ಮಾತ್ರ ಪುಸ್ತಕಕ್ಕೆ ಕೈಮುಗಿಯಬೇಕು. 1564ರಲ್ಲಿ ಇಲ್ಲಿನ ಧರ್ಮಸಂಘ ಒಂದು ಚಾವಣಿ ಚಿತ್ರಕ್ಕಾಗಿ ಕಲಾವಿದರಿಂದ ಕರಡು ಕೇಳಿತು. ಉಳಿದವರು ಕರಡು ತಂದರೆ ತಿಂತೊರೆತ್ತೊ ಪೂರ್ತಿ ಚಿತ್ರವನ್ನೇ ಬರೆದು, ಮೇಲೆ ಕೂರಿಸಿ, ದಾನ ಎಂದುಬಿಟ್ಟ. ದಾನವನ್ನು ನಿರಾಕರಿಸುವಂತಿಲ್ಲ! ಆಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಆ ಕಟ್ಟಡವನ್ನು ತನ್ನ ಚಿತ್ರಗಳಿಂದ ತುಂಬಿದ. ಈ ಕಥೆ ಗೊತ್ತಿಲ್ಲದೆ ಒಳಹೊಕ್ಕಿದ್ದರೆ ಕಪ್ಪಗಿನ ದೊಡ್ಡ ಚಿತ್ರಗಳು ಎಂದಷ್ಟೇ ತಿಳಿದು ಹೊರಬರುತ್ತಿದ್ದೆನೇನೋ.

ಮೇಲಿನ ಸಭಾಂಗಣದಲ್ಲಿ ಚಾವಣಿಯ ಚಿತ್ರಗಳನ್ನು ನೋಡುವಾಗ ಕುತ್ತಿಗೆ ನೋಯದಿರಲೆಂದು ಕನ್ನಡಿಗಳನ್ನು ಇಟ್ಟಿದ್ದಾರೆ. ತಟ್ಟೆ ಹಿಡಿದಂತೆ ಎರಡೂ ಕೈಯಲ್ಲಿ ಹಿಡಿದು ಬಗ್ಗಿ ನೋಡಬೇಕು. ಎದೆಯ ಎತ್ತರಕ್ಕೆ ಹಿಡಿದರೆ ನನ್ನ ಗದ್ದವೇ ಅರ್ಧ ಆಕಾಶವನ್ನು ನುಂಗಿತು. ಹೊಟ್ಟೆಯ ಮಟ್ಟಕ್ಕೆ ಇಳಿಸಿ, ತುಸು ಮುಂದಕ್ಕೆ ವಾಲಿಸಿದಾಗ ಕಂಚಿನ ಸರ್ಪದ ಚಿತ್ರ ಇಡಿಯಾಗಿ ಸಿಕ್ಕಿತು: ಮೇಲೆ ಮೋಸೆಸ್, ಕೆಳಗೆ ಒಬ್ಬರ ಮೇಲೊಬ್ಬರು ಬಿದ್ದ ಮೈಗಳು. ಒಂದು ಹೆಜ್ಜೆ ಇಟ್ಟರೆ ಅವೆಲ್ಲ ಕನ್ನಡಿಯ ಅಂಚಿನ ಕಡೆಗೆ ಜಾರುತ್ತಿದ್ದವು. ಅಲ್ಲಿ ಪುಸ್ತಕ ಚೀಲ ಸೇರಿತು.

ಹೊರಗೆ, ಫ್ರಾರಿಯ ಪಕ್ಕದಲ್ಲಿ, ಅದೇ ಪುಸ್ತಕ ಹಿಡಿದ ವಯಸ್ಸಾದ ದಂಪತಿ ಎದುರಾದರು. ಬೆಳಗ್ಗೆ ಸ್ಯಾನ್ ಮಾರ್ಕೊದಿಂದ ಹೊರಟವರು. ಅದೇ ಪುಟ, ಆಕೆಯ ಬೆರಳು ಕೆಳಮುಖವಾಗಿ ಇಳಿದಿತ್ತು, ನನ್ನದು ಮೇಲಕ್ಕೆ ಏರುತ್ತಿತ್ತು. “ನೀವು ಹಿಂದಕ್ಕೆ ಹೋಗುತ್ತಿದ್ದೀರಿ” ಎಂದು ಆತ ಇಂಗ್ಲಿಷಿನಲ್ಲಿ ಕಾಳಜಿಯಿಂದಲೇ ಎಚ್ಚರಿಸಿದರು. ವಿಷಯ ತಿಳಿದು ನಕ್ಕರು. ಕನ್ನಡಿಯನ್ನು ಹೊಟ್ಟೆಯ ಮಟ್ಟಕ್ಕೆ ಹಿಡಿಯಿರಿ ಎಂದು ನಾನು ಹೇಳಿದೆ. ರಿಯಾಲ್ಟೊದ ಮೀನು ಮಾರುಕಟ್ಟೆಯಲ್ಲಿ ಆಗಲೇ ಕಟ್ಟೆ ತೊಳೆಯುತ್ತಿದ್ದಾರೆ, ನಿಮಗೆ ಸಿಗಲಾರದು ಎಂದು ಆಕೆ ಹೇಳಿದರು. ಅದು ಬೆಳಗಿನ ಮಾರುಕಟ್ಟೆ. ಉಲ್ಟಾ ನಡಿಗೆಗೆ ಅಷ್ಟು ತೆರಿಗೆ ಕಟ್ಟಲು ನಾನು ಸಿದ್ಧವಾಗಿಯೇ ಬಂದಿದ್ದೆ.

ಫ್ರಾರಿಯಲ್ಲಿ ಕಲಾವಿದ ತಿತ್ಸಿಯಾನೊ 1518ರಲ್ಲಿ ಮುಗಿಸಿದ ಮೇರಿಯ ಸ್ವರ್ಗಾರೋಹಣದ ಚಿತ್ರ ಇದೆ. ಗಾಯಕವೃಂದ ಕೂರುವ ಆವರಣದ ಕಮಾನಿನ ನಡುವೆ ದೂರದಿಂದಲೇ ಅದರ ಕೆಂಪು ಬಣ್ಣ ಎದ್ದು ಕಾಣುತ್ತದೆ. ಹತ್ತಿರ ಹೋಗುವ ಆತುರ ಬೇಡ, ಮೊದಲು ಹಿಂದೆಯೇ ನಿಂತು ನೋಡಿ ಎಂದು ಪುಸ್ತಕ ಹೇಳಿತ್ತು. ಸರಿಯಾದ ಮಾತು. ರಿಯಾಲ್ಟೊ ಸೇತುವೆಗೆ ಅದು ಮೂರು ನಕ್ಷತ್ರ ಕೊಟ್ಟಿದೆ. ನನಗೆ ಕಂಡದ್ದು ಬೆನ್ನುಗಳು ಮತ್ತು ಫೋಟೊಗೆಂದು ಎತ್ತಿದ ಕೈಗಳು. 1591ರ ಕಲ್ಲಿನ ಕಮಾನನ್ನು ನೋಡಬೇಕೆಂದರೆ ಸೇತುವೆ ಹತ್ತದೆ ದಡದಲ್ಲೇ ನಿಲ್ಲುವುದು ವಾಸಿ.

ಸ್ಯಾನ್ ಮಾರ್ಕೊ ತಲುಪಿದಾಗ ಸಂಜೆ. ಗಡಿಯಾರ ಗೋಪುರದ ಇಪ್ಪತ್ತನಾಲ್ಕು ಅಂಕಿಗಳ ಮುಖದ ಮೇಲೆ ಮುಳ್ಳು ಎಲ್ಲಿದೆಯೆಂದು ಲೆಕ್ಕಹಾಕಲು ಸ್ವಲ್ಪ ಹೊತ್ತು ಬೇಕಾಯಿತು. ಹಗಲಿಗೆಂದು ಬಂದಿದ್ದ ಗುಂಪುಗಳು ಹೊರಟುಹೋಗಿದ್ದವು. ಚೌಕವನ್ನು ಅಡ್ಡಲಾಗಿ, ಯಾರಿಗೂ ತಗುಲದೆ ದಾಟಬಹುದಿತ್ತು. ಚೌಕದ ದೊಡ್ಡ ಚರ್ಚು, ಬಸಿಲಿಕಾದ ಬಾಗಿಲು ಮಾತ್ರ ಮುಚ್ಚಿತ್ತು. ಅದರ ಬಂಗಾರದ ಮೊಸಾಯಿಕ್‌ಗಳನ್ನು ಬಿಡುವಷ್ಟು ಹಟವೇನೂ ನನಗಿಲ್ಲ. ಮರುದಿನ, ಪುಸ್ತಕ ಹೇಳಿದ್ದ ಹೊತ್ತಿಗೇ ಹೋಗಿ, ಅದೇ ಪುಸ್ತಕ ಹಿಡಿದವರ ಸಾಲಿನಲ್ಲಿ ನಿಂತೆ.