ಗೆರೆಯಾಚೆಯ ಡಿಫೆಂಡರ್

2023ರ ಜೂನ್ 21ರ ಸಂಜೆ ಕಂಠೀರವ ಕ್ರೀಡಾಂಗಣದಲ್ಲಿ ಮಳೆ ಬಿಡುವಂತೆ ಕಾಣಲಿಲ್ಲ. ದಕ್ಷಿಣ ಏಷ್ಯಾದ ಫುಟ್‌ಬಾಲ್ ಟೂರ್ನಿಯಾದ ಸ್ಯಾಫ್ ಚಾಂಪಿಯನ್‌ಷಿಪ್, ಭಾರತ ಮತ್ತು ಪಾಕಿಸ್ತಾನದ ಪಂದ್ಯ. ಹನ್ನೊಂದು ವರ್ಷದ ಮಗಳ ತಲೆಗೆ ನನ್ನ ಜಾಕೆಟ್ ಹೊದಿಸಿ, ನಾನು ನೆನೆಯುತ್ತಲೇ ಕುಳಿತಿದ್ದೆ. ಸುನಿಲ್ ಚೆಟ್ರಿ ಹದಿನಾರು ನಿಮಿಷಗಳೊಳಗೆ ಎರಡು ಗೋಲು ಹೊಡೆದಿದ್ದರು. ಚಳಿಯ ನೆನಪು ಯಾರಿಗೂ ಇರಲಿಲ್ಲ.

ಮೊದಲರ್ಧ ಮುಗಿಯುವ ಹೊತ್ತಿಗೆ ಅದು ನಡೆಯಿತು. ನಮ್ಮ ಬೆಂಚಿನ ಎದುರೇ ಪಾಕಿಸ್ತಾನದ ಆಟಗಾರನೊಬ್ಬ ಗೆರೆಯಾಚೆಯಿಂದ ಒಳಗೆಸೆಯುವ ಥ್ರೋ ಇನ್‌ಗಾಗಿ ಚೆಂಡು ಹಿಡಿದು ನಿಂತಿದ್ದ. ಭಾರತದ ಕೋಚ್ ಇಗೊರ್ ಸ್ಟಿಮಾಚ್ ಹಿಂದಿನಿಂದ ಕೈ ಚಾಚಿ ಆ ಚೆಂಡನ್ನು ತಟ್ಟಿ ಕೆಡವಿದರು. ಎರಡೂ ತಂಡದವರು ಮೈಮೇಲೆ ಬಿದ್ದಂತೆ ನುಗ್ಗಿದರು. ರೆಫರಿ ಕೆಂಪು ಕಾರ್ಡ್ ತೋರಿಸಿದರು. ಕೋಚ್ ಹೊರಗೆ ನಡೆದರು.

"ಅಪ್ಪಾ, ನಾವು ಎರಡು ಗೋಲು ಮುಂದಿದ್ದೇವಲ್ಲ, ಅವರಿಗೇಕೆ ಅಷ್ಟು ಸಿಟ್ಟು?" ಎಂದು ಮಗಳು ಕೇಳಿದಳು.

ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಭಾರತ 4–0ಯಿಂದ ಗೆದ್ದಿತು, ಚೆಟ್ರಿ ಹ್ಯಾಟ್ರಿಕ್ ಮುಗಿಸಿದರು. ಮನೆಗೆ ಹೋಗುವ ದಾರಿಯುದ್ದಕ್ಕೂ ನಾನು ಮಾತ್ರ ಆ ಪ್ರಶ್ನೆಯನ್ನೇ ಹೊತ್ತುಕೊಂಡಿದ್ದೆ. ಅದಕ್ಕೊಂದು ಕಾರಣವಿತ್ತು. ನಾನೂ ಕಾಲೇಜು ತಂಡದಲ್ಲಿ ಡಿಫೆಂಡರ್, ಅಂದರೆ ಹಿಂದೆ ನಿಂತು ಗೋಲು ಕಾಯುವ ಆಟಗಾರ, ಆಗಿದ್ದವನು. ಸ್ಟಿಮಾಚ್ ಅವರನ್ನು ನಾನು ಮೊದಲು ಕಂಡಿದ್ದು ಕೋಚ್ ಆಗಿ ಅಲ್ಲ.

1998ರ ಜುಲೈ. ಫ್ರಾನ್ಸಿನಲ್ಲಿ ವಿಶ್ವಕಪ್ ಸೆಮಿಫೈನಲ್, ಇಲ್ಲಿ ರಾತ್ರಿ ಹನ್ನೆರಡೂವರೆ. ಹಾಸ್ಟೆಲಿನ ಒಂದೇ ಟಿ.ವಿ.ಯ ಮುಂದೆ ನಾವೆಲ್ಲ ನೆಲದ ಮೇಲೆ ಕುಳಿತಿದ್ದೆವು. ಕ್ರೊಯೇಷ್ಯಾ ಎಂಬ ದೇಶದ ಹೆಸರೇ ನಮಗೆ ಹೊಸದು. ಅದು ಅವರ ಮೊದಲ ವಿಶ್ವಕಪ್. ಗೆಳೆಯರ ಕಣ್ಣೆಲ್ಲ ಗೋಲು ಹೊಡೆಯುವ ಡೇವರ್ ಶುಕರ್ ಮೇಲೆ. ನನ್ನ ಕಣ್ಣು ಹಿಂದಿನ ಸಾಲಿನಲ್ಲಿ: ಬಿಲಿಚ್, ಶಿಮಿಚ್, ಸ್ಟಿಮಾಚ್. ಶುಕರ್ ಗೋಲು ಹೊಡೆದ ಮರುನಿಮಿಷವೇ ಫ್ರಾನ್ಸಿನ ಥುರಾಮ್ ಸಮ ಮಾಡಿದರು, ಆಮೇಲೆ ಇನ್ನೊಂದನ್ನೂ ಹೊಡೆದರು. ಕ್ರೊಯೇಷ್ಯಾ 1–2ರಿಂದ ಸೋತಿತು. ಮೂರನೇ ಸ್ಥಾನಕ್ಕಾಗಿ ನೆದರ್ಲೆಂಡ್ಸ್ ತಂಡವನ್ನು ಮಣಿಸಿತು. ಶುಕರ್ ಹೆಸರು ಎಲ್ಲರ ಬಾಯಲ್ಲಿ ಉಳಿಯಿತು. ಹಿಂದೆ ನಿಂತು ಕಾದವರ ಹೆಸರನ್ನು ಆ ಹಾಸ್ಟೆಲಿನಲ್ಲಿ ನೆನಪಿಟ್ಟುಕೊಂಡವನು ನಾನೊಬ್ಬನೇ ಇರಬೇಕು.

ಮರುದಿನ ಮಗಳಿಗೆ ನನಗೆ ತಿಳಿದಷ್ಟು ಹೇಳಿದೆ. ಸ್ಟಿಮಾಚ್ ಹುಟ್ಟಿದ್ದು 1967ರಲ್ಲಿ, ಮೆಟ್ಕೊವಿಚ್ ಎಂಬ ಊರಿನಲ್ಲಿ. 1987ರಲ್ಲಿ ಚಿಲಿಯಲ್ಲಿ ಯುವ ವಿಶ್ವಕಪ್ ಗೆದ್ದ ಯುಗೊಸ್ಲಾವಿಯ ತಂಡದಲ್ಲಿ ಅವರಿದ್ದರು. ನಾಲ್ಕು ವರ್ಷಗಳಲ್ಲಿ ಆ ದೇಶವೇ ಒಡೆಯಿತು. 1991ರ ಮೇ ತಿಂಗಳಲ್ಲಿ ಯುಗೊಸ್ಲಾವಿಯ ಕಪ್ ಫೈನಲ್: ಕ್ರೊಯೇಷ್ಯಾದ ಸ್ಪ್ಲಿಟ್ ನಗರದ ಹಾಯ್ಡುಕ್ ತಂಡಕ್ಕೂ ಸರ್ಬಿಯಾದ ಬೆಲ್‌ಗ್ರೇಡ್‌ನ ರೆಡ್ ಸ್ಟಾರ್ ತಂಡಕ್ಕೂ. ಹಾಯ್ಡುಕ್ ಗೆದ್ದಿತು. ಆ ತಂಡದ ಸ್ಟಿಮಾಚ್, ಎದುರಾಳಿ ತಂಡದ ಸಿನಿಶಾ ಮಿಹಾಯ್ಲೊವಿಚ್ ಇಬ್ಬರಿಗೂ ಅಂದು ಕೆಂಪು ಕಾರ್ಡ್. ಅವರ ಹಗೆ ಎರಡು ದಶಕ ಕಾಲ ಉರಿಯಿತು. 2013ರಲ್ಲಿ ಜಾಗ್ರೆಬ್‌ನಲ್ಲಿ ಒಬ್ಬರು ಕ್ರೊಯೇಷ್ಯಾದ ಕೋಚ್, ಇನ್ನೊಬ್ಬರು ಸರ್ಬಿಯಾದ ಕೋಚ್ ಆಗಿ ಎದುರಾದಾಗ ಕೈಕುಲುಕಿದರು.

ನನಗೆ ಅತ್ಯಂತ ಇಷ್ಟವಾದ ಕತೆ ಇಂಗ್ಲೆಂಡಿನದು. 1995ರ ಚಳಿಗಾಲದಲ್ಲಿ ಡರ್ಬಿ ಕೌಂಟಿ ಎಂಬ ಕ್ಲಬ್ ಅಲ್ಲಿನ ಎರಡನೇ ದರ್ಜೆಯ ಲೀಗ್‌ನಲ್ಲಿತ್ತು. ಸ್ಟಿಮಾಚ್ ಆ ತಂಡ ಸೇರಿ ಆಡಿದ ಮೊದಲ ಪಂದ್ಯವನ್ನೇ ಡರ್ಬಿ 1–5ರಿಂದ ಸೋತಿತು. ಆ ಒಂದು ಗೋಲು ಸ್ಟಿಮಾಚ್ ಅವರದೇ. ಐದು ಗೋಲು ಬಿಟ್ಟುಕೊಟ್ಟ ರಾತ್ರಿ ಡಿಫೆಂಡರ್‌ಗೆ ನಿದ್ದೆ ಬರುವುದಿಲ್ಲ, ಅದು ನನಗೆ ಗೊತ್ತು. ಆದರೆ ಅಲ್ಲಿಂದ ಮುಂದೆ ಲೀಗ್‌ನಲ್ಲಿ ಸತತ ಇಪ್ಪತ್ತು ಪಂದ್ಯ ಡರ್ಬಿ ಸೋಲಲೇ ಇಲ್ಲ. ಆ ಋತುವಿನ ಕೊನೆಗೆ ಮೊದಲ ದರ್ಜೆಯ ಪ್ರೀಮಿಯರ್ ಲೀಗ್‌ಗೆ ಏರಿತು.

ಮುನ್ನುಗ್ಗುವ ಆಟಗಾರ ಹತ್ತು ಸಲ ತಪ್ಪಿ ಒಂದು ಸಲ ಗೋಲು ಹೊಡೆದರೆ ಜನ ಹೆಗಲ ಮೇಲೆ ಹೊರುತ್ತಾರೆ. ಹಿಂದೆ ನಿಂತವನು ಹತ್ತು ಸಲ ಕಾದು ಒಂದು ಸಲ ತಪ್ಪಿದರೆ ಅದೊಂದೇ ಉಳಿಯುತ್ತದೆ. ಹಾಗಾಗಿ ಅವನ ಮೈ ಯಾವಾಗಲೂ ಬಿಗಿಯಾಗಿರುತ್ತದೆ. ಗೆರೆ ದಾಟಿ ಬರುವ ಪ್ರತಿ ಚೆಂಡೂ ಅವನ ಮನೆಗೆ ನುಗ್ಗುವ ಚೆಂಡೇ. ಆಟ ಬಿಟ್ಟು ಇಪ್ಪತ್ತು ವರ್ಷವಾದರೂ ಆ ಕೈ ಸುಮ್ಮನಿರುವುದಿಲ್ಲ. ಆ ಸಂಜೆ ಸ್ಟಿಮಾಚ್ ಮಾಡಿದ್ದು ತಪ್ಪು. ಆಡುವ ಹುಡುಗನ ಚೆಂಡಿಗೆ ಕೋಚ್ ಕೈ ಹಾಕಬಾರದು. ಅನ್ಯಾಯದ ತೀರ್ಪಿನಿಂದ ನಮ್ಮ ಹುಡುಗರನ್ನು ಕಾಯಲು ಮತ್ತೆ ಹಾಗೆಯೇ ಮಾಡುತ್ತೇನೆ ಎಂದು ಅವರು ಮರುದಿನ ಬರೆದದ್ದನ್ನು ಓದಿದಾಗ ಮಾತ್ರ ನನ್ನ ಕಣ್ಣು ಒದ್ದೆಯಾಯಿತು.

ನುಡಿದಂತೆಯೇ ನಡೆದರು. ಜೂನ್ 27ರಂದು ಕುವೈತ್ ವಿರುದ್ಧದ ಪಂದ್ಯದಲ್ಲಿ ಮತ್ತೆ ಕೆಂಪು ಕಾರ್ಡ್, ಈ ಸಲ ಎರಡು ಪಂದ್ಯಗಳ ನಿಷೇಧ. ಸೆಮಿಫೈನಲ್‌ನಲ್ಲೂ ಫೈನಲ್‌ನಲ್ಲೂ ಬೆಂಚಿನಲ್ಲಿ ಅವರಿಗೆ ಜಾಗವಿರಲಿಲ್ಲ. ತಂಡವನ್ನು ನೋಡಿಕೊಂಡವರು ಸಹಾಯಕ ಕೋಚ್ ಮಹೇಶ್ ಗಾವ್ಲಿ. ಗೋವಾದ ಗಾವ್ಲಿ ಕೂಡ ಭಾರತದ ಹಿಂದಿನ ಸಾಲನ್ನು ವರ್ಷಗಟ್ಟಲೆ ಕಾದವರು.

ಆಮೇಲಿನ ವರ್ಷ ನೋವಿನದು. 2024ರ ಜನವರಿಯಲ್ಲಿ ಕತಾರ್‌ನ ಏಷ್ಯಾ ಕಪ್‌ನಲ್ಲಿ ಭಾರತ ಮೂರೂ ಪಂದ್ಯ ಸೋತಿತು, ಒಂದು ಗೋಲೂ ಬರಲಿಲ್ಲ. ಮಾರ್ಚ್‌ನಲ್ಲಿ ಗುವಾಹಟಿಯಲ್ಲಿ ಅಫ್ಗಾನಿಸ್ತಾನಕ್ಕೆ ಸೋತಿತು. ಜೂನ್‌ನಲ್ಲಿ, ವಿಶ್ವಕಪ್ ಅರ್ಹತಾ ಹಾದಿ ಮುಚ್ಚಿದ ಮೇಲೆ, ಐದು ವರ್ಷಗಳ ಕೋಚ್ ಹುದ್ದೆಯಿಂದ ಸ್ಟಿಮಾಚ್ ಅವರನ್ನು ತೆಗೆದುಹಾಕಿದರು. ಆ ಸುದ್ದಿ ಓದಿದಾಗ ನನಗೆ ನೆನಪಾದದ್ದು ಆ ಫೈನಲ್.

2023ರ ಜುಲೈ 4. ಅದೇ ಕಂಠೀರವ, ಮತ್ತೆ ಕುವೈತ್. ಮಗಳ ಹಟಕ್ಕೆ ಮತ್ತೆ ಹೋಗಿದ್ದೆವು. ಕುವೈತ್ ಮೊದಲು ಗೋಲು ಹೊಡೆಯಿತು, ಲಾಲಿಯನ್‌ಜುವಾಲಾ ಛಾಂಗ್ಟೆ ಸಮ ಮಾಡಿದರು. ಹೆಚ್ಚುವರಿ ಸಮಯವೂ ಮುಗಿದು ಪೆನಾಲ್ಟಿ ಶೂಟೌಟ್ ಬಂತು. ಐದೈದು ಹೊಡೆತಗಳಾದಾಗ 4–4. ಮಹೇಶ್ ಸಿಂಗ್ ಆರನೆಯದನ್ನು ಒಳಗೆ ಹಾಕಿದರು. ಕುವೈತ್ ನಾಯಕ ಹೊಡೆದ ಚೆಂಡನ್ನು ನಮ್ಮ ಗೋಲ್‌ಕೀಪರ್ ಗುರುಪ್ರೀತ್ ಸಿಂಗ್ ಸಂಧು ಹಾರಿ ತಡೆದರು.

ಪಕ್ಕದಲ್ಲಿದ್ದ ಗುರುತಿಲ್ಲದವರೂ ನನ್ನನ್ನು ತಬ್ಬಿಕೊಂಡರು. ಮಗಳು ಕುರ್ಚಿಯ ಮೇಲೆ ಹತ್ತಿ ನಿಂತು, ಓಟದ ಟ್ರ್ಯಾಕಿನ ಆಚೆ ನಮ್ಮ ಬೆಂಚಿನ ಕಡೆಗೇ ನೋಡುತ್ತಿದ್ದಳು.

"ಅಪ್ಪಾ, ಈಗ ಕೋಚ್ ಒಳಗೆ ಬರಬಹುದಲ್ಲವೇ?"

"ಪಂದ್ಯ ಮುಗಿಯಿತಲ್ಲ ಕಂದಾ, ಬರಬಹುದು" ಎಂದೆ.